ಅದನ್ನು ಔಷಧಿ ಅನ್ನಬೇಡ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಳೆ ಶುರುವಾದ ಮೇಲೆ ನಿಮ್ಮಮ್ಮನ ಮಂಡಿನೋವು ಸ್ವಲ್ಪ ಜಾಸ್ತಿ, ಅಷ್ಟೇ.

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಪ್ಪ, ತೋಟದಲ್ಲಿ ಹುಲ್ಲು ಮೊಣಕಾಲುದ್ದ ಬಂದಿದೆ. ಅಂಗಡಿಯವರು ಹುಲ್ಲು ಸಾಯಿಸೋ ಪ್ಯಾರಾಕ್ವಾಟ್ ಕೊಟ್ಟಿದ್ದಾರೆ. ಒಂದು ಪಂಪಿಗೆ ಎಷ್ಟು ಔಷಧಿ?" ಅಂತ. ನಾನು "ಆಮೇಲೆ ಹೇಳ್ತೀನಿ" ಅಂತ ಫೋನ್ ಇಟ್ಟುಬಿಟ್ಟೆ. ಇಪ್ಪತ್ತೆರಡು ವರ್ಷ ಗೊಬ್ಬರದ ಅಂಗಡಿ ನಡೆಸಿದವನಿಗೆ ಇಷ್ಟು ಲೆಕ್ಕ ಬರಲ್ವಾ ಅಂತ ನಿನಗೆ ಅನ್ನಿಸಿರಬೇಕು. ಲೆಕ್ಕ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಇದೆ. ನಿಮ್ಮಮ್ಮನಿಗೂ ಪೂರ್ತಿ ಹೇಳಿಲ್ಲ.

ನಿನಗೆ ಆಗ ಎಂಟು ವರ್ಷ. ನೀನು ಅಂಗಡಿಯ ಖಾಲಿ ಡಬ್ಬಿಗಳ ಕತ್ತು ಕೊಯ್ದು, ಮಣ್ಣು ತುಂಬಿ, ಹಿತ್ತಿಲಲ್ಲಿ ಸಾಲಾಗಿ ತುಳಸಿ ಹಚ್ಚಿದ್ದೆ. ಒಂದು ದಿನ ನಾನು ಬಂದವನೇ ಅಷ್ಟನ್ನೂ ಕಿತ್ತು ಬಿಸಾಕಿದೆ. ನೀನು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅದೇ ವಾರ ಮೂರು ದಿನ ಅಂಗಡಿಗೆ ಬಾಗಿಲು ಹಾಕಿದ್ದೆ. ಜ್ವರ ಅಂತ ಹೇಳಿದ್ದೆ. ಜ್ವರ ಇರಲಿಲ್ಲ.

ಭದ್ರಾ ನಾಲೆ ಆಚೆಯ ಒಬ್ಬ ರೈತ, ನಮ್ಮ ಖಾಯಂ ಗಿರಾಕಿ. ಬದುವಿನ ಹುಲ್ಲಿಗೆ ಪ್ಯಾರಾಕ್ವಾಟ್ ಅರ್ಧ ಲೀಟರ್ ಸಾಕು, ಪೂರ್ತಿ ಡಬ್ಬಿಗೆ ದುಡ್ಡಿಲ್ಲ ಅಂದ. ಒಡೆದು ಮಾರುವುದು ಕಾನೂನಿಗೆ ವಿರುದ್ಧ. ನನಗೆ ಗೊತ್ತಿತ್ತು. ಆದರೂ ಪಕ್ಕದ ಬೇಕರಿಯಿಂದ ಖಾಲಿ ತಂಪು ಪಾನೀಯದ ಬಾಟಲಿ ತರಿಸಿ, ಅರ್ಧ ಸುರಿದು, ಮುಚ್ಚಳ ಬಿಗಿದು ಕೊಟ್ಟೆ. ಅವನು ಅದನ್ನು ಕೊಟ್ಟಿಗೆಯ ಗೂಡಿನಲ್ಲಿ ಇಟ್ಟ. ಮಾರನೇ ದಿನ ಅವನ ತಮ್ಮ ಗದ್ದೆಯಿಂದ ಬಾಯಾರಿ ಬಂದವನು, ಬಾಟಲಿ ಎತ್ತಿ ಒಂದು ಗುಟುಕು ಹಾಕಿದ. ಹಾಕಿದವನೇ ಉಗಿದ. ಅಷ್ಟೇ ಆಗಿದ್ದು.

ಆಸ್ಪತ್ರೆಯಲ್ಲಿ ಏನು ಕುಡಿದೆ ಅಂತ ಕೇಳಿದರೆ "ಹುಲ್ಲಿನ ಔಷಧಿ" ಅಂದಿದ್ದಾನೆ. ಬಾಟಲಿ ಮೇಲೆ ಚೀಟಿ ಎಲ್ಲಿತ್ತು, ಹೆಸರು ಹೇಳೋಕೆ? ಮಾರನೇ ದಿನ ನಾನು ನೋಡಲು ಹೋದೆ. ಮಂಚದ ಮೇಲೆ ಕೂತು ಮಾತಾಡುತ್ತಿದ್ದ. ನಾಲಿಗೆ, ತುಟಿ ಹುಣ್ಣಾಗಿ ಮಾತು ತೊದಲುತ್ತಿತ್ತು. "ಖಾರ ತಿನ್ನೋಕಾಗಲ್ಲ ನೋಡಣ್ಣ, ನಾಡಿದ್ದು ಬಿಡ್ತಾರಂತೆ" ಅಂದ. ನನಗೂ ಧೈರ್ಯ ಬಂತು. ನಾಲ್ಕನೇ ದಿನ ಮೂತ್ರ ಕಟ್ಟಿತು. ಆಮೇಲೆ ಉಸಿರು. ಹನ್ನೊಂದನೇ ದಿನ ಹೋದ. ಕೊನೆಯವರೆಗೂ ಪ್ರಜ್ಞೆ ಇತ್ತು, ಎಲ್ಲರ ಗುರುತು ಹಿಡಿಯುತ್ತಿದ್ದ.

ಆ ಬಾಟಲಿ ನಾನು ಕೊಟ್ಟಿದ್ದು ಅಂತ ಅವನ ಅಣ್ಣನೂ ಯಾರ ಹತ್ತಿರವೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ನಿನಗೆ ಹೇಳುತ್ತಿದ್ದೇನೆ.

ಅಲ್ಲಿಯವರೆಗೆ ನಾನು ಅದನ್ನು ಎಷ್ಟು ಡಬ್ಬಿ ಮಾರಿದ್ದೆನೋ, ಒಳಗೇನಿದೆ ಅಂತ ಓದಿದವನಲ್ಲ. ಆಮೇಲೆ ಸಿಕ್ಕಿದ್ದೆಲ್ಲ ಓದಿದೆ, ಕೃಷಿ ಕಾಲೇಜಿನವರನ್ನು ಹಿಡಿದು ಕೇಳಿದೆ. ಇದು 1962ರಿಂದ ಮಾರುಕಟ್ಟೆಯಲ್ಲಿದೆ. ಹಸಿರು ಎಲೆಗೆ ತಾಗಿದರೆ, ಎಲೆ ಬಿಸಿಲಿನಿಂದ ಮಾಡಿಕೊಳ್ಳುವ ಶಕ್ತಿಯನ್ನು ನಡುವೆಯೇ ಕದ್ದು ಸುಡುವ ವಿಷವಾಗಿ ತಿರುಗಿಸುತ್ತದೆ. ಅದಕ್ಕೇ ಒಳ್ಳೆ ಬಿಸಿಲಿದ್ದರೆ ಬೆಳಿಗ್ಗೆ ಹೊಡೆದ ಹುಲ್ಲು ಸಂಜೆಗೆ ಬಾಡುವುದು. ಗಿರಾಕಿಗಳು ಖುಷಿಯಾಗುತ್ತಿದ್ದದ್ದೇ ಅದಕ್ಕೆ. ಮಣ್ಣಿಗೆ ಬಿದ್ದರೆ ಜೇಡಿಗೆ ಗಟ್ಟಿಯಾಗಿ ಅಂಟಿಕೊಂಡು ಸುಮ್ಮನಾಗುತ್ತದೆ. ನಾಲೆಯ ಕೆಂಪು ನೀರಿನಲ್ಲಿ ಕಲೆಸಬೇಡಿ, ಕೆಲಸ ಮಾಡಲ್ಲ ಅಂತ ನಾನೇ ಗಿರಾಕಿಗಳಿಗೆ ಹೇಳುತ್ತಿದ್ದೆ. ಹೊಟ್ಟೆಗೆ ಹೋದವರಿಗೆ ಆಸ್ಪತ್ರೆಯಲ್ಲಿ ಮೊದಲ ಒಂದೆರಡು ಗಂಟೆಯೊಳಗೆ ಇದ್ದಿಲಿನ ಪುಡಿಯನ್ನೋ, ನೀನು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯಂಥ ಜೇಡಿಯನ್ನೋ ಕಲಸಿ ಕೊಡುವುದೂ ಇದೇ ಕಾರಣಕ್ಕೆ. ಅದು ವೈದ್ಯರ ಕೆಲಸ, ಮನೆಯಲ್ಲಿ ಮಾಡುವುದಲ್ಲ.

ಮನುಷ್ಯನ ಮೈಯಲ್ಲಿ ಮಣ್ಣಿಲ್ಲವಲ್ಲ. ನಮ್ಮ ಶ್ವಾಸಕೋಶ ಇದನ್ನು ತನಗೆ ಬೇಕಾದದ್ದು ಅಂದುಕೊಂಡು ರಕ್ತದಿಂದ ಎಳೆದೆಳೆದು ತುಂಬಿಕೊಳ್ಳುತ್ತದೆ. ಅಲ್ಲಿ ಗಾಳಿ ಧಾರಾಳ. ಎಲೆಯಲ್ಲಿ ಬಿಸಿಲಿನಿಂದ ಬಂದ ಶಕ್ತಿಯನ್ನು ಇಲ್ಲಿ ನಮ್ಮ ಜೀವಕೋಶಗಳಿಂದಲೇ ಕದ್ದು, ಆ ಗಾಳಿಯ ಆಮ್ಲಜನಕವನ್ನೇ ಸುಡುವ ವಿಷವಾಗಿ ತಿರುಗಿಸುತ್ತದೆ. ಶ್ವಾಸಕೋಶ ಗಾಯವಾಗಿ, ಮಾಯುವಾಗ ನಾರುಗಟ್ಟಿ, ಗಟ್ಟಿಯಾಗುತ್ತದೆ. ಹಾಗಾಗಿ ಇಂಥವರಿಗೆ ಆಕ್ಸಿಜನ್ ಕೊಡುವಾಗಲೂ ವೈದ್ಯರು ಅಳೆದು ತೂಗಿ ಕೊಡಬೇಕಾಗುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಅವರಾದರೂ ಏನು ಮಾಡ್ತಾರೆ? ಇದಕ್ಕೆ ಪ್ರತಿವಿಷ ಇಲ್ಲ ಕಣೇ. ಹಾವಿನ ವಿಷಕ್ಕಾದರೂ ಇಂಜೆಕ್ಷನ್ ಇದೆ.

ಸ್ವೀಡನ್ ಇದನ್ನು 1983ರಲ್ಲೇ ನಿಲ್ಲಿಸಿತು, ಸ್ವಿಟ್ಜರ್ಲೆಂಡ್ 1989ರಲ್ಲಿ. ಯುರೋಪಿನ ಒಕ್ಕೂಟದಲ್ಲಿ 2007ರಿಂದ ಇಲ್ಲ. ಆದರೂ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ತಯಾರಿಸಿ ಹೊರದೇಶಗಳಿಗೆ ಕಳಿಸುತ್ತಲೇ ಇದ್ದರು. ತಮ್ಮ ಹೊಲಕ್ಕೆ ಬೇಡವಾದದ್ದು ಬೇರೆಯವರ ಹೊಲಕ್ಕೆ ಆಗುತ್ತದೆ ಅನ್ನುವ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಶ್ರೀಲಂಕಾ 2008ರಿಂದ ಹಂತಹಂತವಾಗಿ ಬಿಟ್ಟಿತು. ನಮ್ಮ ಪಕ್ಕದ ಕೇರಳ 2011ರಲ್ಲಿ ನಿಷೇಧಿಸಿತು.

ಇನ್ನು ನಿನ್ನ ಹತ್ತಿರ ಇರುವ ಡಬ್ಬಿ. ಅದರ ಮೇಲೆ ಹಳದಿ ತ್ರಿಕೋನ ಇರುತ್ತದೆ ನೋಡು. ವಿಷದ ಲೆಕ್ಕದಲ್ಲಿ ಕೆಂಪಿನ ನಂತರದ್ದು ಅದು. ಹಳದಿ ಅಂದರೆ ಪರವಾಗಿಲ್ಲ, ಕೆಂಪು ಮಾತ್ರ ಅಪಾಯ ಅಂದುಕೊಂಡವರು ನನ್ನ ಗಿರಾಕಿಗಳಲ್ಲೇ ಎಷ್ಟೋ ಜನ. ಕೆಂಪು ತ್ರಿಕೋನದ ಎಷ್ಟೋ ಕೀಟನಾಶಕಗಳಿಗೆ ಪ್ರತಿವಿಷ ಇದೆ, ಈ ಹಳದಿಗೆ ಇಲ್ಲ. ಯಾವ ಬೆಳೆಗೆ ಅನ್ನುವುದೂ ಚೀಟಿಯಲ್ಲಿ ಬರೆದಿರುತ್ತದೆ. ಕಾಫಿ, ಟೀ, ರಬ್ಬರ್, ಹತ್ತಿ, ಆಲೂಗಡ್ಡೆ ಅಂತೆಲ್ಲ ನೋಡಿದ್ದೇನೆ. ನಾನು ನೋಡಿದ ಚೀಟಿಗಳಲ್ಲಿ ಅಡಿಕೆ ಇರಲಿಲ್ಲ. ನಿಮ್ಮದು ಎಳೆ ತೋಟ ಬೇರೆ. ಗಿಡದ ಕಾಂಡ ಇನ್ನೂ ಹಸಿರು. ಹಸಿರು ಎಲ್ಲಿದ್ದರೂ ಅದಕ್ಕೆ ಒಂದೇ, ಹುಲ್ಲೋ ಸಸಿಯೋ ಅಂತ ನೋಡಲ್ಲ.

ಸೀಲ್ ಒಡೆದಿಲ್ಲ ತಾನೇ? ಹಾಗಿದ್ದರೆ ವಾಪಸ್ ಕೊಟ್ಟುಬಿಡು. ದುಡ್ಡು ಕೊಡದಿದ್ದರೆ ಅದರ ಬದಲು ಎರಡು ಗೊಬ್ಬರದ ಚೀಲ ತಗೋ. ಮೇಲಿನ ಹುಲ್ಲು ಸುಟ್ಟರೂ ಗರಿಕೆಯ ಬೇರು, ಜೇಕಿನ ಗಡ್ಡೆ ಹಾಗೇ ಇರುತ್ತವೆ. ತಿಂಗಳೊಳಗೆ ಮತ್ತೆ ಚಿಗುರಿ ನಿನ್ನನ್ನೇ ನೋಡಿ ನಗುತ್ತವೆ. ಹುಲ್ಲು ಹೊಡೆಯುವ ಮಿಷನ್ ನಿಮ್ಮೂರಲ್ಲಿ ಬಾಡಿಗೆಗೆ ಸಿಗುತ್ತದೆ ಅಂತ ಅಳಿಯಂದಿರೇ ಹೇಳಿದ್ದರು. ಕೊಚ್ಚಿದ ಹುಲ್ಲನ್ನು ಅಲ್ಲೇ ಬುಡಕ್ಕೆ ಹಾಕಿ, ಮೇಲೆ ಸೋಗೆ, ದರಕು ಮುಚ್ಚಿದರೆ ಹೊಸ ಹುಲ್ಲಿಗೆ ಬೆಳಕು ಸಿಗಲ್ಲ. ನಿಮ್ಮ ಮಾವನವರ ಕಾಲದಲ್ಲಿ ಇದನ್ನೇ ಮಾಡುತ್ತಿದ್ದರು, ಅವರನ್ನೇ ಕೇಳು.

ಸೀಲ್ ಒಡೆದಾಗಿದೆ, ಹೊಡೆಯಲೇಬೇಕು ಅಂತಾದರೆ, ಒಂದು ವಿಷಯ ಮೊದಲು ತಲೆಯಲ್ಲಿ ಇಟ್ಟುಕೋ. ಪಂಪು ಬೆನ್ನಿಗೆ ಹಾಕುವುದು ನೀನಲ್ಲ, ದಿನಗೂಲಿಗೆ ಬರುವ ಆಳು. ಅವನಿಗೆ ಯಾರೂ ಏನೂ ಹೇಳಿರುವುದಿಲ್ಲ. ಡಬ್ಬಿಯಲ್ಲಿರುವ ಗಟ್ಟಿ ದ್ರಾವಣವನ್ನು ಕಲೆಸುವ ಹೊತ್ತೇ ಎಲ್ಲಕ್ಕಿಂತ ಅಪಾಯ. ಕಣ್ಣಿಗೆ ಹಾರಿದರೆ ಕಣ್ಣಿನ ಮೇಲ್ಪದರ ಸುಡುತ್ತದೆ, ನೋವು ನಿಧಾನಕ್ಕೆ ಏರುತ್ತದೆ. ಹಾಗಾಗಿ ಕನ್ನಡಕ, ರಬ್ಬರ್ ಗ್ಲೌಸು, ಗಂಬೂಟು ಇಲ್ಲದೆ ಮುಚ್ಚಳ ತೆಗೆಯಲು ಬಿಡಬೇಡ. ಕೈಯಲ್ಲಿ ಕಲೆಸುವವರನ್ನು ನೋಡಿದ್ದೇನೆ. ಅವರ ಉಗುರು ಬಿಳಿಚಿ, ಕಿತ್ತು ಬಂದಿದ್ದನ್ನೂ ನೋಡಿದ್ದೇನೆ. ಗಾಯ, ಬಿರುಕು, ತುರಿಕೆ ಇದ್ದವರು ಅವತ್ತು ಆ ಕೆಲಸಕ್ಕೆ ಬೇಡ. ಗಟ್ಟಿ ಚರ್ಮದೊಳಗೆ ಅದು ಅಷ್ಟು ಸುಲಭಕ್ಕೆ ಇಳಿಯಲ್ಲ, ಸೀಳಿದ ಚರ್ಮಕ್ಕೆ ಬಾಗಿಲು ತೆರೆದ ಹಾಗೆ.

ಪಂಪು ಸೋರುತ್ತಾ ಅಂತ ಮೊದಲು ಬರೀ ನೀರು ತುಂಬಿ ನೋಡು. ಸೋರಿ ಬೆನ್ನು ಒದ್ದೆಯಾದರೆ ಆಳು ಬೆವರು ಅಂದುಕೊಂಡು ಸಂಜೆಯವರೆಗೂ ಅದೇ ಅಂಗಿಯಲ್ಲಿ ಇರುತ್ತಾನೆ. ಹಾಗೆ ಒದ್ದೆ ಬಟ್ಟೆಯಿಂದಲೇ ಜೀವ ಕಳೆದುಕೊಂಡವರಿದ್ದಾರೆ. ನಾಝಲ್ ಕಟ್ಟಿಕೊಂಡರೆ ಬಾಯಿಟ್ಟು ಊದುವುದು ನಮ್ಮ ಕಡೆ ಎಲ್ಲರಿಗೂ ಅಭ್ಯಾಸ. ಅದೊಂದನ್ನು ನೀನು ಅಲ್ಲೇ ನಿಂತು ತಡಿ. ಒಂದು ಹಳೇ ಹಲ್ಲುಜ್ಜುವ ಬ್ರಷ್ ಕೊಟ್ಟಿರು. ನಡುವೆ ಎಲೆ ಅಡಿಕೆ, ಬೀಡಿ ಬೇಡ, ಏನಿದ್ದರೂ ಕೈ ತೊಳೆದ ಮೇಲೆ. ಗಾಳಿ ಇದ್ದ ದಿನ ಹೊಡೆಸಲೇಬೇಡ. ಮೂಗಿಗೆ ತುಂತುರು ಹೋದರೆ ರಕ್ತ ಬರುತ್ತದೆ. ಮುಗಿದ ಮೇಲೆ ಅಲ್ಲೇ ಸೋಪಿನಲ್ಲಿ ಸ್ನಾನ, ಬಟ್ಟೆ ಬೇರೆ ಒಗೆಯಬೇಕು. ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ.

ಖಾಲಿ ಡಬ್ಬಿ ಮೂರು ಸಲ ಗಲಬರಿಸಿ, ಆ ನೀರನ್ನೂ ಪಂಪಿಗೇ ಹಾಕಿ, ಡಬ್ಬಿಗೆ ಮೊಳೆ ಹೊಡೆದು ತೂತು ಮಾಡಿಬಿಡು. ಯಾರೂ ಮತ್ತೆ ಸೀಮೆಎಣ್ಣೆಗೋ, ಮಜ್ಜಿಗೆಗೋ ಇಟ್ಟುಕೊಳ್ಳಬಾರದು. ತುಳಸಿಗೂ ಬೇಡ.

ಏನಾದರೂ ಆಗಿಯೇ ಹೋಯಿತು ಅಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಕೂರಬೇಡಿ. ಮೈಗೆ ಬಿದ್ದರೆ ಬಟ್ಟೆ ಬಿಚ್ಚಿ ಸೋಪು ನೀರು, ಕಣ್ಣಿಗೆ ಬಿದ್ದರೆ ಕಾಲು ಗಂಟೆಯಾದರೂ ಬರೀ ನೀರು ಬಿಡುತ್ತಿರಿ. ಬಾಯಿಗೆ ಹೋದರೆ, ಉಗಿದರೂ ಸರಿ, 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಹೊರಡಿ. "ಈಗ ಚೆನ್ನಾಗೇ ಇದ್ದೀನಿ" ಅನ್ನುವ ಮಾತನ್ನು ಮಾತ್ರ ನಂಬಬೇಡ. ನಾನು ನಂಬಿದ್ದೆ.

ಇನ್ನೊಂದು. ಅದನ್ನು ಔಷಧಿ ಅನ್ನೋದು ಬಿಡು. ಇಲ್ಲಿ ಕೆಲವರು ಎಣ್ಣೆ ಅಂತಾರೆ, ಅದು ಇನ್ನೂ ಕೆಟ್ಟದ್ದು, ಎಣ್ಣೆ ಅಂದರೆ ಸಂಜೆ ಹೊತ್ತು ಬೇರೆಯೇ ಅರ್ಥ. ಪುಟ್ಟನಿಗೆ ಕೆಮ್ಮು ಬಂದರೆ ಕೊಡುವುದೂ ಔಷಧಿ, ಗೂಡಿನಲ್ಲಿ ಇರುವುದೂ ಔಷಧಿ ಅಂದರೆ ಮೂರು ವರ್ಷದ ಮಗುವಿಗೆ ಏನು ಗೊತ್ತಾಗಬೇಕು? ವಿಷ ಅನ್ನು. ನಿಮ್ಮ ಅತ್ತೆಯವರು ಮನೆಯಲ್ಲಿ ಅಂಥ ಮಾತು ಆಡಬಾರದು ಅಂದರೂ ಅನ್ನು.

ನಾಳೆ ಬೆಳಿಗ್ಗೆಯ ಬಸ್ಸಿಗೆ ತೀರ್ಥಹಳ್ಳಿಗೆ ಒಂದು ಪಾರ್ಸೆಲ್ ಹಾಕುತ್ತಿದ್ದೇನೆ. ಎರಡು ಜೊತೆ ಗ್ಲೌಸು, ಕನ್ನಡಕ, ನಿಮ್ಮಮ್ಮ ಮಾಡಿದ ಚಕ್ಕುಲಿ (ಬೇರೆ ಡಬ್ಬಿಯಲ್ಲಿ ಇದೆ, ಹೆದರಬೇಡ), ಮತ್ತೆ ಅಂಗಡಿಯಲ್ಲಿದ್ದ ಆ ಹಳೇ ಹಸಿರು ಟ್ರಂಕು. ಇರುವ ಬಾಟಲಿಗಳನ್ನೆಲ್ಲ ಅದರಲ್ಲಿ ಹಾಕಿ, ಕೊಟ್ಟಿಗೆಯಲ್ಲಿ ಅಲ್ಲ, ಪಂಪ್‌ಹೌಸಿನಲ್ಲಿ ಇಡು. ಬೀಗ ಜೊತೆಗೇ ಇದೆ. ಕೀ ಮಾತ್ರ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಬೇಕಾದರೆ ಫೋನ್ ಮಾಡು, ನಾನೇ ತಂದುಕೊಡುತ್ತೇನೆ. ಪುಟ್ಟನನ್ನು ನೋಡಿ ಆರು ತಿಂಗಳಾಯಿತು.

ಇಂತಿ ನಿನ್ನ ಅಪ್ಪ