ಮಗಳಿಗೊಂದು ಪತ್ರ: ನಾನು ಅಳಿಸಿದ ಚಿತ್ರಗಳು

ಪ್ರೀತಿಯ ಮಗಳೇ,

ನಿನ್ನ ಛಾಯಾಗ್ರಹಣ ತರಗತಿಯವರೊಂದಿಗೆ ನೀನು ಹೊರಟು ಇಂದಿಗೆ ಎರಡು ದಿನವಾಯಿತು. ಹೊರಡುವಾಗ ಅಜ್ಜಿಗೆ ಹೇಳಿ ಹೋದೆ, ನನಗೆ ಹೇಳಲಿಲ್ಲ. ಅದನ್ನು ದೂರೆಂದು ತಿಳಿಯಬೇಡ. ಹಿಂದಿನ ಸಂಜೆ ನಡೆದ ಮಾತುಗಳು ನಮ್ಮಿಬ್ಬರಿಗೂ ನೆನಪಿವೆ, ಅವನ್ನು ಮತ್ತೆ ಕಾಗದಕ್ಕಿಳಿಸುವ ಅಗತ್ಯವಿಲ್ಲ. ಆದರೆ ಕೋಣೆಯ ಬಾಗಿಲು ಹಾಕಿಕೊಳ್ಳುವ ಮುನ್ನ ನೀನು ಹೇಳಿದ ಒಂದು ಮಾತು, “ಅಪ್ಪ, ಅಳಿಸುವ ಮೊದಲು ನೀವು ಅವನ್ನು ನೋಡಲೇ ಇಲ್ಲ” ಎಂಬುದು, ಎರಡು ರಾತ್ರಿಯಿಂದ ನನ್ನನ್ನು ಬಿಟ್ಟಿಲ್ಲ. ಆ ಮಾತಿಗಾಗಿಯೇ ಈ ಪತ್ರ.

ನೀನು ಹೇಳಿದ್ದು ನಿಜ. ಮೆಮೊರಿ ಕಾರ್ಡಿನಲ್ಲಿ ಜಾಗವಿಲ್ಲವೆಂದು ಕ್ಯಾಮೆರಾ ತೋರಿಸಿದಾಗ ಸಮಾರಂಭಕ್ಕೆ ಹೊರಡಲು ನನಗೆ ಹೊತ್ತಾಗಿತ್ತು. ಪರದೆಯ ಮೇಲಿನ ಉಗುರಿನಷ್ಟಗಲದ ಚಿತ್ರಗಳನ್ನು ಸರಸರನೆ ಸರಿಸಿದೆ. ಅದೇ ಕಿಟಕಿ, ಅದೇ ಕುರ್ಚಿ, ಅದೇ ಭಂಗಿಯಲ್ಲಿ ಕುಳಿತ ಅಜ್ಜಿ, ಹಲವು ಚಿತ್ರಗಳಲ್ಲಿ ಮಸುಕಾಗಿ ಅಲುಗಿದ ಕೈಗಳು. ಈಗಷ್ಟೇ ಕಲಿಯುತ್ತಿರುವವಳ ಕೈತಪ್ಪಿದ ಪ್ರಯತ್ನಗಳೆಂದು ನಾನೇ ತೀರ್ಮಾನಿಸಿಕೊಂಡು, ನನ್ನ ಹಳೆಯ ವಿಡಿಯೋಗಳನ್ನು ಮುಟ್ಟದೆ, ನಿನ್ನ 212 ಚಿತ್ರಗಳನ್ನು ಒಂದೇ ಬಾರಿಗೆ ಅಳಿಸಿದೆ. ಅವು ಮುಂದಿನ ವಾರ ನೀನು ತರಗತಿಗೆ ಒಪ್ಪಿಸಬೇಕಾದ ಅಭ್ಯಾಸವೆಂದು ನನಗೆ ತಿಳಿದಿರಲಿಲ್ಲ. ಕೇಳಿದ್ದರೆ ತಿಳಿಯುತ್ತಿತ್ತು.

ನೀನು ಹೋದ ರಾತ್ರಿ ಮಾಡಿದ ಮೊದಲ ಕೆಲಸವೆಂದರೆ ಕಾರ್ಡನ್ನು ಹೊರತೆಗೆದು, ಅದರ ಬದಿಯಲ್ಲಿರುವ ಪುಟ್ಟ ಬೀಗದ ಗುಂಡಿಯನ್ನು ಕೆಳಕ್ಕೆ ಸರಿಸಿದ್ದು. ಅಳಿಸಿದ ಕ್ಷಣದಲ್ಲಿ ಚಿತ್ರ ಹೋಗಿಬಿಡುವುದಿಲ್ಲವೆಂಬುದನ್ನು ಆ ರಾತ್ರಿ ಓದಿ ತಿಳಿದೆ. ನಮ್ಮ 16 ಜಿಬಿ ಕಾರ್ಡಿನಂಥವುಗಳಲ್ಲಿ ಫೈಲುಗಳ ಪಟ್ಟಿಯೊಂದಿರುತ್ತದೆ. ಅಳಿಸಿದಾಗ ಆ ಪಟ್ಟಿಯಲ್ಲಿ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ, ಆ ಫೈಲು ಹಿಡಿದಿದ್ದ ಸ್ಥಳ ಖಾಲಿಯೆಂದು ದಾಖಲಾಗುತ್ತದೆ, ಅಷ್ಟೇ. ಅದೇ ಸ್ಥಳದ ಮೇಲೆ ಬೇರೇನಾದರೂ ಬರೆಯಲ್ಪಡುವ ತನಕ ಚಿತ್ರ ಅಲ್ಲೇ ಉಳಿದಿರುತ್ತದೆ. ಮರುಪಡೆಯುವ ತಂತ್ರಾಂಶವೊಂದನ್ನು ಹಾಕಿ ಬೆಳಗಿನ ಜಾವದವರೆಗೆ ಕುಳಿತೆ. 203 ಚಿತ್ರಗಳು ಪೂರ್ತಿಯಾಗಿ ಮರಳಿ ಬಂದವು, ಪ್ರತಿಯೊಂದರ ಹೆಸರಿನಲ್ಲೂ ಮೊದಲ ಅಕ್ಷರವಿಲ್ಲದೆ. ಉಳಿದ ಒಂಬತ್ತು ಕೆಟ್ಟಿವೆ, ಏಕೆಂದರೆ ಸಮಾರಂಭದಲ್ಲಿ ನಾನು ತೆಗೆದ ಚಿತ್ರಗಳು ಅವುಗಳ ಸ್ಥಳವನ್ನು ಆಕ್ರಮಿಸಿಕೊಂಡಿದ್ದವು.

ಬಂದ ಚಿತ್ರಗಳನ್ನು ಈ ಬಾರಿ ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಒಂದೊಂದಾಗಿ ನೋಡಿದೆ. ಪ್ರತಿ ಚಿತ್ರದೊಳಗೆ ಎಕ್ಸಿಫ್ ಎಂಬ ದಾಖಲೆ ಅಡಗಿರುತ್ತದೆ, ಯಾವ ಕ್ಷಣದಲ್ಲಿ, ಮಸೂರದ ರಂಧ್ರ ಎಷ್ಟು ತೆರೆದು, ಅಂದರೆ ಯಾವ ಅಪರ್ಚರ್‌ನಲ್ಲಿ, ಎಷ್ಟು ಹೊತ್ತು ಶಟರ್ ತೆರೆದು ತೆಗೆದದ್ದೆಂದು ಅದು ಹೇಳುತ್ತದೆ ಎಂದು ನೀನೇ ಒಮ್ಮೆ ಊಟದ ಹೊತ್ತಿನಲ್ಲಿ ವಿವರಿಸಿದ್ದೆ. ಆಗ ನಾನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಈಗ ಆ ಅಂಕಿಗಳನ್ನು ಹಾಳೆಯ ಮೇಲೆ ಬರೆದುಕೊಂಡು ಹೋದಂತೆ ನನ್ನ ಕೈ ನಿಂತಿತು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಎಲ್ಲದರಲ್ಲೂ 100. ಅಪರ್ಚರ್ ಎಫ್/4 ಇದ್ದಾಗ ಶಟರ್ 1/30 ಸೆಕೆಂಡ್, ಎಫ್/5.6 ಇದ್ದಾಗ 1/15, ಎಫ್/8 ಇದ್ದಾಗ 1/8, ಎಫ್/11 ಇದ್ದಾಗ 1/4, ಕೊನೆಗೆ ಎಫ್/16 ಇದ್ದಾಗ ಅರ್ಧ ಸೆಕೆಂಡ್. ಒಂದೊಂದು ಮೆಟ್ಟಿಲಿಗೂ ರಂಧ್ರದ ವಿಸ್ತೀರ್ಣ ಅರ್ಧಕ್ಕಿಳಿದಿದೆ, ಬೆಳಕು ಬೀಳುವ ಸಮಯ ಎರಡರಷ್ಟಾಗಿದೆ, ಹಾಗಾಗಿ ಐದು ಚಿತ್ರಗಳಿಗೂ ಸಿಕ್ಕ ಬೆಳಕು ಒಂದೇ. ಬೆಳಕು ಒಂದೇ ಆದರೂ ಚಿತ್ರ ಒಂದೇ ಅಲ್ಲ. ಎಫ್/4ರಲ್ಲಿ ಅಜ್ಜಿಯ ಹಿಂದಿನ ಪುಸ್ತಕದ ಕಪಾಟು ಕರಗಿದೆ, ಎಫ್/11ರಲ್ಲಿ ಪುಸ್ತಕಗಳ ಬೆನ್ನಿನ ಮೇಲಿನ ಅಕ್ಷರಗಳನ್ನು ಓದಬಹುದು. 1/30ರಲ್ಲಿ ಬೆರಳುಗಳನ್ನು ಎಣಿಸಬಹುದು, 1/4ರಲ್ಲಿ ಕೈಗಳು ಹೊಗೆಯಂತಾಗಿವೆ.

ಕ್ಯಾಮೆರಾ ಅಲುಗಿದ್ದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಾಗುತ್ತದೆ ಎಂಬುದು ಫಿಲ್ಮ್ ಕಾಲದಿಂದ ನನಗೆ ಗೊತ್ತಿದ್ದ ವಿಷಯವೇ. ನಿನ್ನ ಚಿತ್ರಗಳಲ್ಲಿ ಕಿಟಕಿಯ ಚೌಕಟ್ಟು, ಕುರ್ಚಿಯ ತೋಳು, ಅಜ್ಜಿಯ ಕನ್ನಡಕದ ಅಂಚು ಎಲ್ಲವೂ ಸ್ಪಷ್ಟವಾಗಿವೆ, ಅಲುಗಿರುವುದು ಕೈಗಳು ಮಾತ್ರ. ಕಿಟಕಿಯ ಎದುರಿನ ಮೇಜಿನ ಮೇಲೆ ಪೇರಿಸಿಟ್ಟಿದ್ದ ಪುಸ್ತಕಗಳನ್ನು ಕಂಡು, ಓದಿದ್ದನ್ನು ಅಲ್ಲಲ್ಲೇ ಬಿಟ್ಟು ಹೋಗುತ್ತೀಯೆಂದು ಅದೇ ಸಂಜೆ ನಿನ್ನನ್ನು ಗದರಿಸಿದ್ದೆನಲ್ಲ, ಅವು ಕ್ಯಾಮೆರಾ ಅಲುಗದಂತೆ ಹಿಡಿದ ನಿನ್ನ ಟ್ರೈಪಾಡ್ ಆಗಿದ್ದವು ಎಂಬುದು ಆಗ ಹೊಳೆಯಿತು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಅಜ್ಜಿಯ ಕೈ ನಡುಗುವುದನ್ನು ನಾವು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅವರು ಲೋಟ ಹಿಡಿದಾಗ ನಾನು ಬೇರೆಡೆ ನೋಡುತ್ತೇನೆ. ನೀನು ಎದುರಿಗೆ ಕುಳಿತು, ಅರ್ಧ ಸೆಕೆಂಡಿನಲ್ಲಿ ಆ ಕೈ ಎರಡು ಮೂರು ಬಾರಿ ಹೋಗಿ ಬರುವುದನ್ನು ಗಮನಿಸಿ, ಅದಕ್ಕೆ ಹೊಂದುವ ಶಟರ್ ವೇಗವನ್ನು ಹುಡುಕಿದ್ದೀಯೆ. ಅಜ್ಜಿಯನ್ನು ಕೇಳಿದೆ. “ಅವಳು ಮೊದಲು ನನ್ನನ್ನು ಕೇಳಿಯೇ ತೆಗೆದಳು, ಪ್ರತಿ ಬಾರಿಯೂ ತೋರಿಸಿದಳು” ಎಂದರು. ಆ ಚಿತ್ರಗಳನ್ನು ಕೆಟ್ಟವೆಂದು ನಾನು ಅಷ್ಟು ಬೇಗ ತೀರ್ಮಾನಿಸಿದ್ದು ಕೇವಲ ಅವಸರದಿಂದಲೋ ಅಥವಾ ಆ ಕೈಗಳನ್ನು ನೋಡಲಾರದೆಯೋ ಎಂದು ಎರಡು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ ಅಜ್ಜನ ಕೊನೆಯ ದಿನಗಳ ಫಿಲ್ಮ್ ರೋಲಿನ ವಿಷಯ ನಿನಗೆ ಎಂದೂ ಹೇಳಿಲ್ಲ. ಆಗ ನನಗೆ 22 ವರ್ಷ. ಅವರು ಹಾಸಿಗೆ ಹಿಡಿಯುವ ಹೊತ್ತಿನಲ್ಲಿ 36 ಚಿತ್ರಗಳ ಒಂದು ರೋಲನ್ನು ಹಾಕಿಕೊಂಡು, ಮೂರು ವಾರಗಳ ಕಾಲ ಒಂದೊಂದೇ ಚಿತ್ರವನ್ನು ಅಳೆದು ತೂಗಿ ತೆಗೆದಿದ್ದೆ. ರೋಲ್ ಮುಗಿದ ದಿನ, ಫಿಲ್ಮನ್ನು ಅದರ ಡಬ್ಬಿಯೊಳಕ್ಕೆ ಹಿಂದಕ್ಕೆ ಸುತ್ತಿಯಾಗಿದೆ ಎಂದು ಭ್ರಮಿಸಿ, ಕ್ಯಾಮೆರಾದ ಹಿಂಬದಿಯ ಮುಚ್ಚಳವನ್ನು ಹಗಲು ಬೆಳಕಿನಲ್ಲಿ ತೆರೆದುಬಿಟ್ಟೆ. ಅಡ್ಡಲಾಗಿ ಚಾಚಿಕೊಂಡಿದ್ದ ಫಿಲ್ಮಿನ ಹೊಳಪು ಒಂದು ಕ್ಷಣ ಕಂಡಿತು, ತಕ್ಷಣ ಮುಚ್ಚಿದೆ. ಎಲ್ಲವೂ ಹೋಯಿತೆಂದು ತಿಳಿದು, ತೊಳೆಯಲು ಕೂಡ ಕೊಡದೆ, ಫಿಲ್ಮನ್ನು ಕೈಯಾರೆ ಹೊರಗೆಳೆದು ಎಸೆದೆ. ನಾಲ್ಕು ದಿನಗಳ ನಂತರ ಅವರು ತೀರಿಕೊಂಡರು.

ಕೆಲವು ತಿಂಗಳ ಮೇಲೆ ಒಬ್ಬ ಸ್ಟುಡಿಯೋದವರೊಂದಿಗೆ ಮಾತಾಡುವಾಗ ಇದನ್ನು ಹೇಳಿದೆ. ತೆಗೆದ ಚಿತ್ರಗಳೆಲ್ಲ ಬಲಬದಿಯ ಸುರುಳಿಯ ಮೇಲೆ ಸುತ್ತಿಕೊಂಡಿರುತ್ತವೆ. ಮುಚ್ಚಳ ಒಂದು ಕ್ಷಣ ತೆರೆದರೆ ಬೆಳಕು ಹೊರಗಿನ ಸುತ್ತುಗಳನ್ನು ಕೆಡಿಸುತ್ತದೆ, ಬಿಗಿಯಾಗಿ ಸುತ್ತಿದ ಒಳಗಿನ ಸುತ್ತುಗಳು ಎಷ್ಟೋ ಬಾರಿ ಉಳಿದುಕೊಳ್ಳುತ್ತವೆ ಎಂದು ಅವರು ಹೇಳಿದರು. ಒಳಗಿನ ಸುತ್ತುಗಳೆಂದರೆ ಮೊದಲು ತೆಗೆದ ಚಿತ್ರಗಳು. ಮೊದಲು ತೆಗೆದ ನಾಲ್ಕೈದು ಚಿತ್ರಗಳಲ್ಲಿ ನಿನ್ನ ಅಜ್ಜ ಇನ್ನೂ ಎದ್ದು ಕುಳಿತಿದ್ದರು, ಒಂದರಲ್ಲಿ ನಗುತ್ತಿದ್ದರು. ಅವು ಉಳಿದಿದ್ದವೋ ಇಲ್ಲವೋ ಎಂಬುದು ಯಾರಿಗೂ ತಿಳಿಯುವಂತಿಲ್ಲ, ಏಕೆಂದರೆ ನಾನು ನೋಡಲಿಲ್ಲ.

ಮುಚ್ಚಳ ತೆರೆದದ್ದು ಕೈತಪ್ಪು, ಅದನ್ನು ಕ್ಷಮಿಸಿಕೊಂಡಿದ್ದೇನೆ. ಎಸೆದದ್ದನ್ನು ಕ್ಷಮಿಸಿಕೊಳ್ಳಲಾಗಿಲ್ಲ. ಆ ಸುರುಳಿಯ ಒಳಗಿನ ಸುತ್ತನ್ನು ಈಗಲೂ ಕೆಲವು ರಾತ್ರಿ ಬಿಚ್ಚುತ್ತಿರುತ್ತೇನೆ: ಇಲ್ಲಿ ಕುರ್ಚಿ, ಇಲ್ಲಿ ಅವರ ಭುಜ, ಇಲ್ಲಿ ಆ ನಗು, ಅಂಚಿನಿಂದ ಒಳಕ್ಕೆ ಹರಡಿರಬಹುದಾದ ಬೆಳಕಿನ ಕಲೆಯ ಆಚೆಗೆ. ನಿನ್ನ ಅಜ್ಜಿಗೆ ಈ ವಿಷಯ ಇಂದಿಗೂ ಗೊತ್ತಿಲ್ಲ; ಚಿತ್ರಗಳು ಬರಲಿಲ್ಲ ಎಂದಷ್ಟೇ ಹೇಳಿದ್ದೆ. ಬಾಗಿಲ ಬಳಿ ನಿಂತು ನೀನು ಆ ಮಾತನ್ನು ಹೇಳಿದಾಗ ನಾನು ದನಿಯೇರಿಸಿದ್ದಕ್ಕೆ ಕಾರಣ ಇದು. ಇದು ಕಾರಣವೇ ಹೊರತು ಸಮರ್ಥನೆಯಲ್ಲ. ತಪ್ಪು ನನ್ನದು, ನಿನ್ನ ಕ್ಷಮೆ ಕೇಳುತ್ತೇನೆ.

ಕಳೆದ ತಿಂಗಳು ನೀನು ತೋರಿಸಿದ, 1838ರಲ್ಲಿ ಆರಂಭಕಾಲದ ಛಾಯಾಗ್ರಾಹಕ ಡಾಗೇರ್ ಪ್ಯಾರಿಸ್ಸಿನ ರಸ್ತೆಯೊಂದನ್ನು ತೆಗೆದ ಚಿತ್ರವನ್ನು ನಿನ್ನೆ ಮತ್ತೆ ಹುಡುಕಿ ನೋಡಿದೆ. ಹಲವು ನಿಮಿಷಗಳ ಕಾಲ ಬೆಳಕು ಬೀಳಬೇಕಾಗಿದ್ದುದರಿಂದ ಓಡಾಡುವ ಜನ, ಗಾಡಿಗಳು ಎಲ್ಲವೂ ಮಾಯವಾಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತವನೊಬ್ಬ ಮಾತ್ರ ಸ್ಪಷ್ಟವಾಗಿ ಉಳಿದಿದ್ದಾನೆ. ಅಲ್ಲಿ ನಿಂತದ್ದು ಉಳಿದು ಚಲಿಸಿದ್ದು ಅಳಿಸಿಹೋಯಿತು. ನಿನ್ನ ಚಿತ್ರದಲ್ಲಿ ಚಲನೆ ಅಳಿಯದೆ ಗುರುತು ಬಿಟ್ಟಿದೆ, ಏಕೆಂದರೆ ಅದಕ್ಕೆ ಬೇಕಾದಷ್ಟೇ ಸಮಯವನ್ನು ನೀನು ಕೊಟ್ಟೆ.

ಓದುತ್ತಾ ಹೋದಂತೆ ಇನ್ನೊಂದು ಸಂಗತಿಯೂ ಸಿಕ್ಕಿತು, ಅದು ನಿನ್ನ ಪಾಠದಲ್ಲಿದೆಯೋ ಇಲ್ಲವೋ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬವರು ಛಾಯಾಚಿತ್ರವೊಂದನ್ನು ಮೊದಲ ಬಾರಿಗೆ ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿದಾಗ, ಅದಕ್ಕೆ ಆರಿಸಿಕೊಂಡದ್ದು ತಮ್ಮ ಮೂರು ತಿಂಗಳ ಮಗುವಿನ ಚಿತ್ರವನ್ನು. ಅದರಲ್ಲಿದ್ದದ್ದು 176ಕ್ಕೆ 176 ಚುಕ್ಕಿಗಳು ಮಾತ್ರ, ನಿನ್ನ ಒಂದು ಚಿತ್ರದಲ್ಲಿ 6000ಕ್ಕೆ 4000 ಇವೆ. ಎಷ್ಟೋ ವಿಷಯಗಳನ್ನು ಆರಿಸಬಹುದಾಗಿದ್ದ ಆ ಮನುಷ್ಯ ತನ್ನ ಮಗುವಿನ ಮುಖವನ್ನೇ ಆರಿಸಿದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ನಿನ್ನ ಕೆಲಸದ ಬಗ್ಗೆ ನನಗೆ ತೋಚಿದ ಕೆಲವು ಮಾತುಗಳಿವೆ, ಉಪದೇಶ ಮಾಡಬಾರದೆಂದುಕೊಂಡೇ ಬರೆಯಲು ಕುಳಿತಿದ್ದರೂ ಬರೆಯದಿರಲಾರೆ. ತೆಗೆದ ದಿನವೇ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೋ. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯಿಂದ ಹೊರಗಿರಲಿ. ಇಳಿಸಿ, ತೆರೆದು ನೋಡಿ, ಖಚಿತವಾದ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ ಖಾಲಿಮಾಡು. ನಿನ್ನ ಕಾರ್ಡು ನಿನ್ನದಾಗಿಯೇ ಇರಲಿ, ಯಾರಿಗೂ ಕೊಡಬೇಡ, ನನಗೂ ಕೊಡಬೇಡ. ಫೋನಿನಲ್ಲಿ ತೆಗೆದ ಚಿತ್ರದ ಎಕ್ಸಿಫ್‌ನಲ್ಲಿ ತೆಗೆದ ಜಾಗವೂ ದಾಖಲಾಗಿರಬಹುದು, ಆದ್ದರಿಂದ ಬೇರೆಯವರಿಗೆ ಕಳಿಸುವ ಮುನ್ನ ಅದನ್ನು ತೆಗೆದುಹಾಕು. ಸಹಪಾಠಿಗಳ ಚಿತ್ರವನ್ನು ಅವರನ್ನು ಕೇಳದೆ ತೆಗೆಯಬೇಡ, ತೆಗೆದರೂ ಅವರನ್ನು ಕೇಳದೆ ಹಂಚಬೇಡ. ಎತ್ತರದ ಜಾಗದಲ್ಲಿ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಹಿಂದಕ್ಕೆ ಹೆಜ್ಜೆ ಇಡಬೇಡ. ಈ ಕೊನೆಯದನ್ನು ನೀನು ಹೊರಡುವ ಮುನ್ನವೇ ಹೇಳಬೇಕಾಗಿತ್ತು. ಎರಡು ದಿನದಿಂದ ನನ್ನ ಭಯವೆಲ್ಲ ಅದೇ.

ಎಫ್/4ರಿಂದ ಎಫ್/16ರವರೆಗಿನ ಆ ಐದು ಮೆಟ್ಟಿಲುಗಳಿಗೆ ಮುಂಚೆ ನೀನು ತೆಗೆದ ಪ್ರಯೋಗದ ಚಿತ್ರಗಳನ್ನೂ ನೋಡಿದೆ. ಮೊದಲನೆಯದರಲ್ಲಿ ಅಜ್ಜಿಯ ಬೆಳ್ಳಗಿನ ಕೂದಲೂ ಹಿಂದಿನ ಬಿಳಿ ಗೋಡೆಯೂ ಬೂದಿಬಣ್ಣಕ್ಕೆ ತಿರುಗಿವೆ. ಕ್ಯಾಮೆರಾದ ಬೆಳಕಿನ ಮಾಪಕ ಎದುರಿಗಿರುವ ಎಲ್ಲವನ್ನೂ ಮಧ್ಯಮ ಬೂದಿಬಣ್ಣವೆಂದು ಭಾವಿಸಿಕೊಳ್ಳುವುದರಿಂದ ಹೀಗಾಗುತ್ತದೆ ಎಂದು ಅರ್ಥಮಾಡಿಕೊಳ್ಳಲು ನನಗೆ ಫಿಲ್ಮ್ ಕಾಲದಲ್ಲಿ ಹಲವು ರೋಲುಗಳೇ ಬೇಕಾದವು, ಏಕೆಂದರೆ ಫಲ ಕಾಣುವುದು ವಾರಗಳ ನಂತರ. ನೀನು ನಾಲ್ಕನೆಯ ಚಿತ್ರಕ್ಕೇ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು, ಬೆಳಕು ಕೊಟ್ಟು ಬಿಳಿಯನ್ನು ಬಿಳಿಯಾಗಿಸಿದ್ದೀಯೆ. ಅದನ್ನು ಕಂಡಾಗ ಪಕ್ಕದಲ್ಲಿ ಯಾರಿಗಾದರೂ ತೋರಿಸಬೇಕೆನಿಸಿ ಸುತ್ತ ನೋಡಿದೆ. ಎಲ್ಲರೂ ಮಲಗಿದ್ದರು. ಪ್ರೌಢಶಾಲೆಯಲ್ಲಿ ಇಂಥದೊಂದು ತರಗತಿ ಓದಿನ ಹೊತ್ತನ್ನು ತಿನ್ನುತ್ತದೆಂದು ವರ್ಷದ ಆರಂಭದಲ್ಲಿ ನಾನು ಆಕ್ಷೇಪಿಸಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಒಂದು ಕೆಟ್ಟ ಸುದ್ದಿಯೂ ಇದೆ. ಕೆಟ್ಟ ಒಂಬತ್ತರಲ್ಲಿ ಎಫ್/16ರ ಅರ್ಧ ಸೆಕೆಂಡಿನ ಚಿತ್ರವೂ ಸೇರಿದೆ. ಜೆಪೆಗ್ ಎಂಬ ಮಾದರಿಯ ಚಿತ್ರಫೈಲಿನ ದತ್ತಾಂಶ ಮೇಲಿನಿಂದ ಕೆಳಕ್ಕೆ ಬರೆದಿರುತ್ತದೆಯಾದ್ದರಿಂದ ಮೇಲಿನ ಅರ್ಧ ಉಳಿದಿದೆ: ಅಜ್ಜಿಯ ಮುಖ, ಕನ್ನಡಕ, ಹಿಂದಿನ ಕಪಾಟು. ಕೆಳಗೆ ಕೈಗಳಿದ್ದ ಜಾಗವೆಲ್ಲ ಬರಿಯ ಬೂದಿಬಣ್ಣ. ಆ ಅರ್ಧ ಚಿತ್ರವನ್ನು ನಾನು ಅಳಿಸಿಲ್ಲ. ಉಳಿದವುಗಳ ಜೊತೆ ನಿನ್ನ ಮೇಜಿನ ಮೇಲಿನ ಡ್ರೈವಿನಲ್ಲಿದೆ, ಅದನ್ನು ಇಡಬೇಕೋ ಬೇಡವೋ ಎಂಬುದನ್ನು ನೀನೇ ನೋಡಿ ಹೇಳು.

ಅಜ್ಜಿಗೆ ಎಲ್ಲವನ್ನೂ ತಿಳಿಸಿದೆ, ಆ ಹಳೆಯ ರೋಲಿನ ಮಾತೊಂದನ್ನು ಬಿಟ್ಟು. ಅವರು ಇಂದು ಬೆಳಿಗ್ಗೆ ತಾವೇ ಕುರ್ಚಿಯನ್ನು ಮತ್ತೆ ಕಿಟಕಿಯ ಪಕ್ಕಕ್ಕೆ ಎಳೆಸಿಕೊಂಡು, ನೀನು ಎಷ್ಟು ಗಂಟೆಗೆ ತೆಗೆದಿದ್ದೆ ಎಂದು ಕೇಳಿದರು. ಎಕ್ಸಿಫ್ ನೋಡಿ ಹೇಳಿದೆ: ಸಂಜೆ 4 ಗಂಟೆ 12 ನಿಮಿಷ. ಪುಸ್ತಕಗಳನ್ನು ಮೊದಲಿದ್ದಂತೆಯೇ ಪೇರಿಸಿಟ್ಟಿದ್ದೇನೆ. ನಿನ್ನ ಚಿತ್ರದ ಅಂಚಿಗೂ ಕಿಟಕಿಯ ಚೌಕಟ್ಟಿಗೂ ಇರುವ ಅಂತರವನ್ನು ನೋಡಿ ಎತ್ತರ ಹೊಂದಿಸಿದ್ದೇನೆ, ಒಂದು ಪುಸ್ತಕ ಹೆಚ್ಚುಕಡಿಮೆಯಾಗಿದ್ದರೆ ನೀನು ಸರಿಪಡಿಸಿಕೋ. ಕಾರ್ಡು ಖಾಲಿಯಿದೆ, ನನ್ನ ವಿಡಿಯೋಗಳನ್ನು ತೆಗೆದಿದ್ದೇನೆ.

ನಿನ್ನ
ಅಪ್ಪ