ಗುಜರಿಗೆ ಹೋಗುವ ಮುನ್ನ ಹಳೆಯ ಗ್ರೇಡರ್‌ಗಳ ದಾಖಲೆಯಾದರೂ ಉಳಿಯಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ಕಚೇರಿಗಳ ಅಂಗಳದಲ್ಲಿ ವರ್ಷಗಟ್ಟಲೆ ನಿಂತು ತುಕ್ಕು ಹಿಡಿದ ವಾಹನಗಳನ್ನು ಹರಾಜು ಹಾಕಿ ಜಾಗ ತೆರವು ಮಾಡುವುದು ಸರಿಯಾದ ಕ್ರಮವೇ. ಜೀಪು, ಕಾರುಗಳ ಮಟ್ಟಿಗೆ ಅದಕ್ಕೆ ಯಾರ ತಕರಾರೂ ಇರಲಾರದು. ಆದರೆ ಅದೇ ಪಟ್ಟಿಯ ಕೊನೆಯಲ್ಲಿ, ಕಬ್ಬಿಣದ ತೂಕದ ಲೆಕ್ಕದಲ್ಲಿ, ಬ್ಲೇಡಿನಿಂದ ಮಣ್ಣು ಕೆರೆದು ರಸ್ತೆ ಮಟ್ಟ ಮಾಡುವ ಹಳೆಯ ಮೋಟಾರ್ ಗ್ರೇಡರ್‌ಗಳೂ ಸದ್ದಿಲ್ಲದೆ ಹೋಗುತ್ತಿರುವುದರತ್ತ ಲೋಕೋಪಯೋಗಿ ಮತ್ತು ನೀರಾವರಿ ಇಲಾಖೆಗಳ ಗಮನ ಸೆಳೆಯಲು ಈ ಪತ್ರ.

ರೋಡ್ ರೋಲರ್‌ನ ಅದೃಷ್ಟ ಚೆನ್ನಾಗಿತ್ತು. ಹಳೆಯ ಸ್ಟೀಮ್ ರೋಲರ್‌ಗಳಿಗೆ ಬಣ್ಣ ಬಳಿದು, ಕಟ್ಟೆ ಕಟ್ಟಿ ಕಚೇರಿಗಳ ಮುಂದೆ ನಿಲ್ಲಿಸಿರುವುದನ್ನು ನಾವೆಲ್ಲ ನೋಡಿದ್ದೇವೆ. ರೋಲರ್ ರಸ್ತೆಯನ್ನು ಒತ್ತುತ್ತದೆ ಅಷ್ಟೆ. ನಡುವೆ ಉಬ್ಬು, ಎರಡೂ ಬದಿಗೆ ಇಳಿಜಾರು, ಅಂಚಿನಲ್ಲಿ ನೀರು ಹರಿಯಲು ಚರಂಡಿ, ಹೀಗೆ ರಸ್ತೆಗೆ ರೂಪ ಕೊಡುವುದು ಗ್ರೇಡರ್. ಕೆಲಸದಲ್ಲಿ ಮುಂದಿದ್ದರೂ ಅದಕ್ಕೆ ಕಟ್ಟೆ ಸಿಗಲಿಲ್ಲ. ಉದ್ದ ಮೈಯ, ಮುಂದೆ ಬೋಳುಬೋಳಾಗಿ ಕಾಣುವ ಆ ಯಂತ್ರ ನೋಟಕ್ಕೆ ಅಷ್ಟೇನೂ ಚೆಂದವಲ್ಲ ಎಂಬುದೂ ಒಂದು ಕಾರಣವಿರಬಹುದು.

ಈ ಯಂತ್ರದ ಇತಿಹಾಸ ಸಣ್ಣದಲ್ಲ. ಓರೆಯಾಗಿ ಹಿಡಿದ ಬ್ಲೇಡು ಮಣ್ಣನ್ನು ಪಕ್ಕಕ್ಕೆ ತಳ್ಳುವಾಗ ಮಣ್ಣೂ ಯಂತ್ರವನ್ನು ಎದುರು ಬದಿಗೆ ತಳ್ಳುತ್ತದೆ. ಈ ಒತ್ತಡಕ್ಕೆ ಎದುರಾಗಿ ಚಕ್ರಗಳನ್ನು ವಾಲಿಸಿ ನಿಲ್ಲಿಸುವ ಉಪಾಯವನ್ನು ಅಮೆರಿಕದ ಇಂಡಿಯಾನಾದ ಜೆ.ಡಿ. ಆಡಮ್ಸ್ 1885ರಲ್ಲಿ, ಕುದುರೆ ಎಳೆಯುವ ಗ್ರೇಡರ್‌ಗಳ ಕಾಲದಲ್ಲೇ ತಂದರು. ಇಂದಿಗೂ ಗ್ರೇಡರ್‌ನ ಮುಂಚಕ್ರಗಳು ಒಂದು ಬದಿಗೆ ವಾಲುವುದು ಅದೇ ತತ್ತ್ವದಿಂದ. ಕ್ಯಾಟರ್‌ಪಿಲ್ಲರ್ ಸಂಸ್ಥೆ 1928ರಲ್ಲಿ ಮಿನಿಯಾಪೊಲಿಸ್‌ನ ರಸೆಲ್ ಗ್ರೇಡರ್ ಕಂಪನಿಯನ್ನು ಕೊಂಡು, ಅಲ್ಲಿಯವರೆಗೆ ಟ್ರ್ಯಾಕ್ಟರ್‌ಗೆ ಗ್ರೇಡರ್ ಜೋಡಿಸುತ್ತಿದ್ದ ಪದ್ಧತಿ ಬಿಟ್ಟು, 1931ರಲ್ಲಿ ಎಂಜಿನನ್ನು ಹಿಂದಿಟ್ಟು ಒಂದೇ ಯಂತ್ರವಾಗಿ ರೂಪಿಸಿದ ಗ್ರೇಡರನ್ನು ಹೊರತಂದಿತು. 1938ರ ‘ನಂಬರ್ 12’ ಮಾದರಿ ಅದರ ಮುಂದುವರಿಕೆ. ನಮ್ಮಲ್ಲಿ 1964ರಲ್ಲಿ ಸಾರ್ವಜನಿಕ ವಲಯದ ಯಂತ್ರ ತಯಾರಿಕಾ ಸಂಸ್ಥೆ ಬಿಇಎಂಎಲ್ ಸ್ಥಾಪನೆಯಾದ ನಂತರ ಗ್ರೇಡರ್‌ಗಳು ಕರ್ನಾಟಕದಲ್ಲೇ ತಯಾರಾಗತೊಡಗಿದವು. ಆದ್ದರಿಂದ ಇಲ್ಲಿನ ಅಂಗಳವೊಂದರಲ್ಲಿ ನಿಂತ ಹಳೆಯ ಗ್ರೇಡರ್ ನಮ್ಮದೇ ಕಾರ್ಮಿಕರ ಕೈಕೆಲಸವೂ ಆಗಿರಬಹುದು.

‘ಕೆಟ್ಟು ನಿಂತ ಯಂತ್ರವನ್ನು ಇಟ್ಟುಕೊಂಡು ಮಾಡುವುದೇನು?’ ಎಂದು ಅಧಿಕಾರಿಗಳು ಕೇಳುತ್ತಾರೆ. ಯಾಂತ್ರಿಕ ವಿಭಾಗದಲ್ಲಿ ಇವುಗಳ ನಡುವೆಯೇ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಕೆಟ್ಟಿದೆ ಎಂದು ಬರೆದಿಟ್ಟ ಗ್ರೇಡರ್‌ಗಳಲ್ಲಿ ಎಷ್ಟೋ ನಿಜವಾಗಿ ಕೆಟ್ಟಿರುವುದಿಲ್ಲ. ಹೊಗೆ ಕೊಳವೆಯ ಬಾಯಿಗೆ ಮುಚ್ಚಳವಿಲ್ಲದೆ ಮಳೆನೀರು ಇಳಿದು ಪಿಸ್ಟನ್‌ಗಳು ಹಿಡಿದುಕೊಂಡಿರುತ್ತವೆ. ಅಂಥ ಎಂಜಿನನ್ನು ಇನ್ನೊಂದು ವಾಹನಕ್ಕೆ ಕಟ್ಟಿ ಎಳೆದು ಚಾಲೂ ಮಾಡಲು ಹೋಗುವುದಕ್ಕಿಂತ ದೊಡ್ಡ ಅಪರಾಧವಿಲ್ಲ. ಇಂಜೆಕ್ಟರ್‌ಗಳನ್ನು ಬಿಚ್ಚಿ, ಡೀಸೆಲ್ ಮತ್ತು ತೆಳು ಎಣ್ಣೆಯ ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಇಳಿಸಿ, ದಿನಗಟ್ಟಲೆ ನೆನೆಯಲು ಬಿಟ್ಟು, ಆಮೇಲೆ ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ಹಿಂದೆ ಮುಂದೆ ಆಡಿಸಿ ನೋಡಬೇಕು. ಹಿಂದಿನ ಜೋಡಿ ಚಕ್ರಗಳಿಗೆ ಶಕ್ತಿ ಒಯ್ಯುವ ಚೈನುಗಳು ಎಣ್ಣೆ ತುಂಬಿದ ಪೆಟ್ಟಿಗೆಯೊಳಗೆ ಓಡುತ್ತವೆ; ಅದರ ಅಡಿಯ ಪ್ಲಗ್ಗನ್ನು ಸಡಿಲಿಸಿದರೆ ಮೊದಲು ಬರುವುದು ನೀರು, ಆಮೇಲೆ ಮಜ್ಜಿಗೆಯಂತೆ ಬೆಳ್ಳಗಾದ ಎಣ್ಣೆ, ಕೊನೆಯಲ್ಲಿ ಸ್ವಲ್ಪ ಕಪ್ಪೆಣ್ಣೆ. ಕಪ್ಪೆಣ್ಣೆ ಕಂಡಿತೆಂದರೆ ಚೈನು ಉಳಿದಿರುವ ಸಂಭವ ಹೆಚ್ಚು.

ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ವ್ಯವಸ್ಥೆ ಬರುವ ಮುನ್ನಿನ ಯಂತ್ರಗಳಲ್ಲಿ ಬ್ಲೇಡನ್ನು ಎತ್ತುವುದು, ಇಳಿಸುವುದು, ತಿರುಗಿಸುವುದು ಎಲ್ಲವೂ ಎಂಜಿನ್‌ನಿಂದ ಬಂದ ಶಾಫ್ಟು ಮತ್ತು ಗೇರುಗಳಿಂದಲೇ ಆಗುತ್ತಿತ್ತು. ಆಪರೇಟರ್ ಮುಂದೆ ಸಾಲಾಗಿ ಲಿವರ್‌ಗಳು. ಬ್ಲೇಡು ಬಂಡೆಗೆ ತಗುಲಿದರೆ ಲಿವರ್ ಮುಂಗೈಗೆ ಬಡಿಯುತ್ತಿತ್ತು. ಬ್ಲೇಡನ್ನು ಹೊತ್ತ ದೊಡ್ಡ ವೃತ್ತಾಕಾರದ ಹಲ್ಲುಗಾಲಿಗೆ ನಮ್ಮಲ್ಲಿ ಸರ್ಕಲ್ ಎನ್ನುತ್ತೇವೆ. ಅದನ್ನು ಹಿಡಿದಿರುವ ಶೂಗಳೆಂಬ ಲೋಹದ ತುಂಡುಗಳು ಸವೆದು ಆಟ, ಅಂದರೆ ಸಡಿಲ, ಹೆಚ್ಚಾದರೆ ಬ್ಲೇಡು ಅದುರಿ, ಮಟ್ಟ ಮಾಡಿದ ರಸ್ತೆಯೇ ಅಲೆಅಲೆಯಾಗುತ್ತದೆ. ಶಿಮ್ ಎಂಬ ತೆಳು ಲೋಹದ ಪಟ್ಟಿಗಳನ್ನು ತೆಗೆದು ಹಾಕಿ ಈ ಆಟವನ್ನು ಸರಿಪಡಿಸಬಹುದು. ಬುಷ್, ಪಿನ್ನುಗಳನ್ನು ಊರಿನ ಲೇತ್ ಅಂಗಡಿಯಲ್ಲೇ ಮಾಡಿಸಬಹುದು. ಸಿಗದಿರುವುದು ಬಿಡಿಭಾಗವಲ್ಲ, ಅಳತೆ. ಮೂಲ ಕೈಪಿಡಿ ಇಲ್ಲದಿದ್ದರೆ ಸವೆದ ಭಾಗವನ್ನೇ ಅಳೆದು, ಸವೆದದ್ದನ್ನೇ ಮತ್ತೆ ಮಾಡಿಸಿದಂತಾಗುತ್ತದೆ.

ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಒಂದು ಕಚೇರಿಯಲ್ಲಿ ಗ್ರೇಡರ್ ಹರಾಜಾದ ಮೇಲೆ, ಅದರ ಲಾಗ್ ಪುಸ್ತಕಗಳನ್ನೂ ಬಿಡಿಭಾಗಗಳ ಕೈಪಿಡಿಯನ್ನೂ ಹಳೆಯ ಕಡತಗಳ ಜೊತೆ ರದ್ದಿಗೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಯಾವ ರಸ್ತೆಯಲ್ಲಿ ಎಷ್ಟು ಗಂಟೆ ದುಡಿಯಿತು, ಎಷ್ಟು ಡೀಸೆಲ್ ಕುಡಿಯಿತು, ಯಾವ ಭಾಗ ಎಂದು ಬದಲಾಯಿತು ಎಂಬುದೆಲ್ಲ ಲಾಗ್ ಪುಸ್ತಕದಲ್ಲಿರುತ್ತದೆ. ಒಂದು ತಾಲ್ಲೂಕಿನ ರಸ್ತೆಗಳು ಹೇಗೆ ಹುಟ್ಟಿದವು ಎಂದು ತಿಳಿಯಲು ಇದಕ್ಕಿಂತ ನೇರವಾದ ಆಧಾರ ಸಿಗುವುದು ಕಷ್ಟ. ಯಂತ್ರದ ಮೈಮೇಲಿನ ಸಂಖ್ಯಾಫಲಕವೂ ಹಾಗೆಯೇ: ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಮೆತ್ತಗೆ ಒರೆಸಿದರೆ ಅಂಕಿಗಳು ಕಾಣುತ್ತವೆ, ಕ್ಯಾಟರ್‌ಪಿಲ್ಲರ್ ಯಂತ್ರವಾದರೆ ಸಂಖ್ಯೆಯ ಮೊದಲಿನ ‘8ಟಿ’ಯಂಥ ಗುರುತಿನಿಂದಲೇ ಮಾದರಿ ತಿಳಿಯುತ್ತದೆ. ಗುಜರಿಯಲ್ಲಿ ಗ್ಯಾಸ್ ಕಟರ್ ತಗುಲುವಾಗ ಇದೆಲ್ಲವೂ ಹೋಗುತ್ತದೆ.

ಕಾನೂನಿನಲ್ಲಿಯೂ ಒಂದು ವಿಚಿತ್ರವಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ. ಇನ್ನೊಂದೆಡೆ 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ 50 ವರ್ಷ ದಾಟಿದವುಗಳಿಗೆ ಮನ್ನಣೆ ಕೊಡುತ್ತದೆ. 15ಕ್ಕೆ ಗುಜರಿ ಸೇರಬೇಕಾದದ್ದು 50ರವರೆಗೆ ಉಳಿಯುವುದಾದರೂ ಹೇಗೆ? ಹೇಗೋ ಉಳಿದರೂ ಆ ಮನ್ನಣೆ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ. ಗ್ರೇಡರ್‌ಗೆ ಸಾಮಾನ್ಯವಾಗಿ ಆರು ಚಕ್ರ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನಿರ್ಮಾಣ ಯಂತ್ರಗಳ ವ್ಯಾಖ್ಯೆಯೊಳಗೆ ಮೋಟಾರ್ ಗ್ರೇಡರ್‌ನ ಹೆಸರು ಸ್ಪಷ್ಟವಾಗಿ ಇರುವಾಗ, ವಿಂಟೇಜ್ ನಿಯಮದಲ್ಲಿ ಮಾತ್ರ ಅದು ಬಿಟ್ಟುಹೋಗಿರುವುದನ್ನು ತಿದ್ದಲು ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಬೇಕು. ನಿಂತಲ್ಲೇ ಪ್ರದರ್ಶನಕ್ಕಿಡುವ ಯಂತ್ರಕ್ಕೆ ನೋಂದಣಿ ಬೇಕಿಲ್ಲ ನಿಜ. ಆದರೆ ಹೆಸರೇ ಇಲ್ಲದ ವಸ್ತುವಿಗಾಗಿ ಯಾವ ಅಧಿಕಾರಿಯೂ ಕಡತ ತೆರೆಯುವುದಿಲ್ಲ.

ಬೇರೆ ದೇಶಗಳಲ್ಲಿ ಇಂಥ ಕೆಲಸ ನಡೆದಿದೆ. ಅಮೆರಿಕದ ಓಹಾಯೊ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ಹಳೆಯ ನಿರ್ಮಾಣ ಯಂತ್ರಗಳಿಗೆಂದೇ ವಸ್ತುಸಂಗ್ರಹಾಲಯವಿದ್ದು, ಕೈಪಿಡಿ ಮತ್ತು ಮಾರಾಟದ ಪತ್ರಗಳ ದೊಡ್ಡ ಭಂಡಾರವೂ ಅಲ್ಲಿದೆ. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ 1950ರ ದಶಕದಲ್ಲಿ ಗನ್‌ಬ್ಯಾರೆಲ್ ಹೆದ್ದಾರಿಯನ್ನು ಕೊರೆದ ಗ್ರೇಡರನ್ನು ಗೈಲ್ಸ್ ಹವಾಮಾನ ಕೇಂದ್ರದಲ್ಲಿ ಉಳಿಸಿಕೊಂಡಿದ್ದಾರೆ. ನಾವೂ ರೈಲು ಎಂಜಿನ್‌ಗಳಿಗೆ ಮೈಸೂರಿನಲ್ಲಿ, ಕಾರುಗಳಿಗೆ ಧರ್ಮಸ್ಥಳದಲ್ಲಿ ಈ ಕೆಲಸ ಮಾಡಿಯೇ ಇದ್ದೇವೆ.

ದೊಡ್ಡ ಅನುದಾನವನ್ನೇನೂ ನಾನು ಕೇಳುತ್ತಿಲ್ಲ. ಹರಾಜು ಪ್ರಕಟಣೆಗೆ ಮುನ್ನ ಪ್ರತಿ ಗ್ರೇಡರ್‌ನ ಸಂಖ್ಯಾಫಲಕ ಮತ್ತು ನಾಲ್ಕೂ ಬದಿಯ ಛಾಯಾಚಿತ್ರ ತೆಗೆಯುವುದು, ಲಾಗ್ ಪುಸ್ತಕ ಮತ್ತು ಕೈಪಿಡಿಗಳನ್ನು ರಾಜ್ಯ ಪತ್ರಾಗಾರಕ್ಕೆ ಕಳುಹಿಸುವುದು, ವಿಭಾಗಕ್ಕೊಂದಲ್ಲದಿದ್ದರೂ ರಾಜ್ಯಕ್ಕೆ ಒಂದೆರಡು ಯಂತ್ರಗಳನ್ನು ಯಾವುದಾದರೂ ಸರ್ಕಾರಿ ಪಾಲಿಟೆಕ್ನಿಕ್ ಅಥವಾ ಐಟಿಐಗೆ ಕೊಟ್ಟು ವಿದ್ಯಾರ್ಥಿಗಳಿಂದಲೇ ಚಾಲೂ ಮಾಡಿಸುವುದು, ಇಷ್ಟಕ್ಕೆ ಇಲಾಖೆಯ ಒಂದು ಸುತ್ತೋಲೆ ಸಾಕು. ಲಿವರ್ ಗ್ರೇಡರ್ ನಡೆಸಿದ ಆಪರೇಟರ್‌ಗಳಲ್ಲಿ ಹಲವರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಅವರನ್ನು ಕರೆದು ಕೂರಿಸಿ ಕೇಳಿದರೆ ಯಾವ ಕೈಪಿಡಿಯಲ್ಲೂ ಇಲ್ಲದ ಸಂಗತಿಗಳನ್ನು ಹೇಳುತ್ತಾರೆ. ಆ ಸುತ್ತೋಲೆ ಮುಂದಿನ ಹರಾಜಿಗೆ ಮೊದಲೇ ಹೊರಡಬೇಕು.

ಇಂತಿ,
ನಿವೃತ್ತ ಯಾಂತ್ರಿಕ ಮೇಲ್ವಿಚಾರಕ,
ಚಿತ್ರದುರ್ಗ