ಭಾನುವಾರ ಮಾಟುಂಗಾದಲ್ಲಿ ಕಾರ್ಡ್ ತಪಾಸಣೆ

ಎಲ್ಲರಿಗೂ ನಮಸ್ಕಾರ. ಹಳೆಯ ಪೋಕೆಮಾನ್ ಕಾರ್ಡ್ ಇರುವವರು ಈ ಭಾನುವಾರ ಸಂಜೆ 4ಕ್ಕೆ ಕಿಂಗ್ಸ್ ಸರ್ಕಲ್ ಫ್ಲೈಓವರ್ ಕೆಳಗಿನ ಗಾರ್ಡನ್‌ಗೆ ತನ್ನಿ. ಡೊಂಬಿವಲಿ ಕಡೆಯವರು ಮೆಗಾಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವ ಹೊತ್ತು) ನೋಡಿಕೊಂಡು ಹೊರಡಿ.

ಮನೆಯಲ್ಲೇ ಒಂದು ಸಲ ಆರಿಸಿಕೊಳ್ಳಿ. 1999ರ ಇಂಗ್ಲಿಷ್ ಬೇಸ್ ಸೆಟ್ (ಇಂಗ್ಲಿಷ್‌ನಲ್ಲಿ ಬಂದ ಮೊದಲ ಕಾರ್ಡ್ ಸರಣಿ) ಆದರೆ ಚಿತ್ರದ ಚೌಕಟ್ಟಿನ ಬಲಗಡೆ ನೆರಳು ಇದೆಯಾ ನೋಡಿ. ಇಲ್ಲದಿದ್ದರೆ ಅದು ಶ್ಯಾಡೋಲೆಸ್, ಶುರುವಿನ ಮುದ್ರಣದ್ದು. ಖಾತ್ರಿಗೆ ಕೆಳಗಿನ ಕಾಪಿರೈಟ್ ಸಾಲು ಓದಿ, ಅದರಲ್ಲಿ 1995, 96, 98 ಆದಮೇಲೆ 99 ಕೂಡ ಇರುತ್ತದೆ, ಅಕ್ಷರ ತೀರಾ ಸಣ್ಣದು, ಭೂತಗನ್ನಡಿ ಬೇಕೇ ಬೇಕು. ಪಿಕಾಚು ಕೆನ್ನೆ ಕೆಂಪಿದ್ದರೆ ಬೇರೆ ಎತ್ತಿಡಿ, ಆಮೇಲೆ ಅದನ್ನು ಹಳದಿ ಮಾಡಿದರು.

ಕಾರ್ಡ್ ಸ್ಲೀವ್‌ನಲ್ಲೇ (ಪ್ಲಾಸ್ಟಿಕ್ ಕವರ್) ಇರಲಿ. ವಡಾ ತಿಂದ ಕೈಯಲ್ಲಿ ಮುಟ್ಟಬೇಡಿ ಮಾರಾಯ್ರೇ! ಅವತ್ತು ಮಾರಾಟ ಬೇಡ, ಸುಮ್ನೆ ಜಗಳ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ, ಅನುಮಾನ ಇರುವ ಕಾರ್ಡಿನ ಫೋಟೋನೂ ಕಳಿಸಿ.